ಎರಡು ಸೆಕೆಂಡು ತಡ

ನವೆಂಬರ್ ೨, ರವಿವಾರ

ಕಾರ್ಡು ಬದಲಿಸಿ ಬಂದೆ. ಹೋಗುವಾಗ ಟಿವಿಎಸ್ ಎರಡು ಸಲ ನಿಂತಿತು. ಸುರಪುರ ರಸ್ತೆ ಬಿಟ್ಟು ಗುಡ್ಡದ ದಾರಿ ಹಿಡಿದ ಮೇಲೆ ಇಳಿದು ತಳ್ಳಿದೆ. ಅರವತ್ತೆರಡು ವಯಸ್ಸು. ತಳ್ಳಬಹುದು.

ಯಂತ್ರ ಚೆನ್ನಾಗಿದೆ. ಬಂಡೆಗೆ ಬಿಗಿದು ಕೂರಿಸಿದ ಭೂಕಂಪ ಅಳೆಯುವ ಯಂತ್ರ. ಪಕ್ಕದಲ್ಲಿ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಬೀಗ, ಎರಡು ಕೀಲಿ, ಒಂದು ನನ್ನ ಹತ್ತಿರ. ಒಳಗೆ ಬ್ಯಾಟರಿ, ಅಲುಗಾಟವನ್ನೆಲ್ಲ ಬರೆದಿಟ್ಟುಕೊಳ್ಳುವ ಒಂದು ಡಬ್ಬಿ, ಅದರಲ್ಲಿ ಮೆಮೊರಿ ಕಾರ್ಡು. ಮೇಲೆ ಸೋಲಾರ್ ಪ್ಲೇಟು. ಒಂದು ಪೈಪಿನ ತುದಿಗೆ ಬಿಳಿ ಪ್ಲಾಸ್ಟಿಕ್ಕಿನ ಗುಂಡು, ಅಂಗೈಯಗಲ. ಅದು ಏತಕ್ಕೆಂದು ಮಗಳು ಶಿವಾನಿ ಹೇಳಿದ್ದಳು. ಮರೆತೆ. ಅಲ್ಲಿ ಮೊಬೈಲ್ ಟವರ್ ಸಿಗುವುದಿಲ್ಲ, ಕೆಳಗಿಳಿದರಷ್ಟೇ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ನಾನು ಹೋಗಿ ಕಾರ್ಡು ತೆಗೆದು, ಶಹಾಪುರಕ್ಕೆ ಬಂದು, ಹೈದರಾಬಾದಿನಲ್ಲಿ ಸಂಶೋಧನೆ ಮಾಡುವ ಅವಳಿಗೆ ಕೊರಿಯರ್ ಮಾಡಬೇಕು. ನಾನು ನೌಕರನಲ್ಲ. ಮಗಳ ಕೆಲಸ, ಅಪ್ಪ ಮಾಡುತ್ತಾನೆ.

ನೌಕರಿ ಮೋನಮ್ಮನದು. ಗುಡ್ಡದ ಕೆಳಗೇ ಅವಳ ಕುರಿಹಟ್ಟಿ. ಪ್ಲೇಟು ಒರೆಸುವುದು, ದನ ಕುರಿ ಹತ್ತಿರ ಬಿಡದಿರುವುದು, ಕೀಲಿ ಕಾಯುವುದು. ಶಿವಾನಿಯ ಪಿಎಚ್.ಡಿ. ಗೈಡು ‘ಮೆಟ್ರಿಕ್ ಪಾಸಾದವರು ಬೇಕು’ ಎಂದಿದ್ದರು. ಫೋನಿನಲ್ಲೇ ಜಗಳ ತೆಗೆದೆ. ಪ್ಲೇಟು ಒರೆಸಲು ಮೆಟ್ರಿಕ್ ಏಕೆ? ಗೆದ್ದೆ. ಮೋನಮ್ಮ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ತಿರುಗುತ್ತಾಳೆ. ಡಿಸಿ ಕೂಡ ಹಾಗೆ ನಡೆಯುವುದಿಲ್ಲ.

ನವೆಂಬರ್ ೫, ಬುಧವಾರ

ಶಿವಾನಿ ಫೋನು. ಊಟ ಆಯಿತಾ ಎಂದು ಕೇಳುವ ಮೊದಲೇ ಕೆಲಸದ ಮಾತು. ನನ್ನ ಮಗಳೇ.

ಅವಳು ಕಾಯುತ್ತಿರುವುದು ಫಿಜಿ ದ್ವೀಪದ ಕಡೆಯ ಒಂದು ದೊಡ್ಡ, ಆಳದ ಭೂಕಂಪಕ್ಕೆ. ಅಲ್ಲಿ ನೆಲ ನಡುಗಿದರೆ ಭೂಮಿಯ ಒಳಗಿನಿಂದಲೇ ಅಲೆಗಳು ಹೊರಟು ಇಪ್ಪತ್ತೈದು ನಿಮಿಷದ ಹೊತ್ತಿಗೆ ನಮ್ಮ ಗುಡ್ಡ ಮುಟ್ಟುತ್ತವೆ. ಅವಳಿಗೆ ಬೇಕಾದವು ಎರಡು. ಮೊದಲನೆಯದು ಕೇಂದ್ರಗೋಳದ ಒಳಹೊಕ್ಕು ಬರುತ್ತದೆ. ಎರಡನೆಯದು ಕೇಂದ್ರಗೋಳದ ಅಂಚನ್ನು ಸವರಿಕೊಂಡು, ಅದನ್ನು ಸುತ್ತಿದ ಕಲ್ಲಿನ ಪದರವಾದ ಮ್ಯಾಂಟಲಿನ ತೀರಾ ತಳದಲ್ಲಿ, ಎರಡು ಸಾವಿರದ ಒಂಬೈನೂರು ಕಿಲೋಮೀಟರ್ ಆಳದಲ್ಲಿ ಹಾದು ಬರುತ್ತದೆ. ಇದೇ ಅವಳ ಅಲೆ. ತಳದ ಕಲ್ಲು ಹೆಚ್ಚು ಕಾದಿದ್ದರೆ ಅಲೆ ಅಲ್ಲಿ ನಿಧಾನವಾಗುತ್ತದೆ. ಲೆಕ್ಕಕ್ಕಿಂತ ಎಷ್ಟು ತಡವಾಗಿ ಬಂತು — ಅಷ್ಟೇ ಅವಳ ಥೀಸಿಸ್ಸು.

“ಅಂದ್ರ ಅಲಿ ಲೇಟ್ ಬಂದ್ರ ನಿಂಗ ಖುಷಿ?”

“ಹೌದಪ್ಪಾ. ಲೇಟ್ ಅಂದ್ರ ಕಂಡಕ್ಟರ್ ಸಂಗಟ ಜಗಳಾಡಾಂವ ನೀ ಒಬ್ಬನೇ.”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದೆ. ಬೋರ್ಡಿನ ಮೇಲೆ ಮೂರು ಉಂಗುರ ಎಳೆದು ಇದು ಕವಚ, ಇದು ಮ್ಯಾಂಟಲ್, ಇದು ಕೇಂದ್ರಗೋಳ ಎಂದೆ. ನುಣುಪಾದ ಉಂಗುರ. ಅಲ್ಲವಂತೆ. ಆ ತಳದಲ್ಲಿ ಖಂಡಗಳಷ್ಟು ದೊಡ್ಡ ದಿಬ್ಬಗಳಿವೆಯಂತೆ. ಎಷ್ಟು ಮಕ್ಕಳಿಗೆ ಸುಳ್ಳು ಹೇಳಿದೆನೋ.

ಶಿವಾನಿ ಎಂಬ ಹೆಸರು ನಾನಿಟ್ಟದ್ದಲ್ಲ. ಅವಳು ಹುಟ್ಟಿದಾಗ ನಾನು ಕಲಬುರಗಿ ಜೈಲಿನಲ್ಲಿ. ಕೇರಿಗೆ ನಲ್ಲಿ ಬೇಕೆಂದು ತಹಶೀಲ ಕಚೇರಿಗೆ ಮುತ್ತಿಗೆ ಹಾಕಿದ್ದೆವು. ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರು, ‘ಸುಜಾತಾ’ ಎಂದು ಚೀಟಿ ಬರೆದು ಕಳಿಸಿದ್ದೆ. ಚೀಟಿ ಮುಟ್ಟಲಿಲ್ಲವೆಂದು ಹೆಂಡತಿ ಸಾವಿತ್ರಿ ಹೇಳುತ್ತಾಳೆ. ಇಪ್ಪತ್ತೇಳು ವರ್ಷವಾಯಿತು. ಇನ್ನೂ ನಂಬಿಲ್ಲ.

ನವೆಂಬರ್ ೮, ಶನಿವಾರ

ಸುಮ್ಮನೆ ನೋಡಿ ಬರೋಣವೆಂದು ಹೋದೆ. ತಲೆ ಕೆಟ್ಟಿತು.

ಪೈಪಿನ ಮೇಲಿನ ಬಿಳಿ ಗುಂಡಿಗೆ ಅರಿಷಿಣ, ಕುಂಕುಮ. ಬುಡದಲ್ಲಿ ಊದಿನಕಡ್ಡಿ, ಒಡೆದ ಕಾಯಿ. ಲಿಂಗ ಮಾಡಿಬಿಟ್ಟಿದ್ದಾರೆ!

“ಯಾರ ಕೆಲಸ ಇದು?”

“ಕುಂಕುಮ ನಂದ್ರಿ ಮಾಸ್ತರ್ರ,” ಎಂದಳು ಮೋನಮ್ಮ. “ಕಾಯಿ ನಂದಲ್ಲ, ಹತ್ತಿ ಬಿಡಿಸಾಕ ಹೋಗೋ ಹೆಣ್ಮಕ್ಕಳದು. ಹೊಸಾದು ಬಂದದ, ದಿಟ್ಟಿ ಆಗಬಾರದಂತ ಹಚ್ಚೀನಿ.”

“ಇಲ್ಲಿ ಯಾರ ದಿಟ್ಟಿ ಆಗ್ತದವ್ವ? ಕುರಿದಾ?”

“ನಿಮ್ದೇ ಆಗ್ಬೌದ್ರಿ. ಹದಿನೈದು ದಿನಕ್ಕೊಮ್ಮಿ ಬಂದು ಕಣ್ಣು ಕಿಸಿದು ನೋಡ್ತೀರಲ್ಲ.”

ನಗು ಬರಲಿಲ್ಲ. ಇವತ್ತು ಕುಂಕುಮ. ನಾಳೆ ಕಟ್ಟೆ. ನಾಡಿದ್ದು ಗುಡಿ, ಪೂಜಾರಿ, ಕಾಂಪೌಂಡು. ಅದರ ಮರುದಿನ ನಮ್ಮವರು ಹೊರಗೆ ನಿಲ್ಲಬೇಕು. ನನ್ನ ಕಣ್ಣೆದುರೇ ಎರಡು ಊರಲ್ಲಿ ಆಗಿದೆ ಇದು. ನನ್ನ ಮಗಳು ಇಟ್ಟ ಯಂತ್ರದ ಮುಂದೆ ನನ್ನ ಜನ ಹೊರಗೆ ನಿಲ್ಲುವುದೇ? ಆಗದು.

ಮನೆಗೆ ಬಂದು ಕೂಗಾಡಿದೆ. ಸಾವಿತ್ರಿ ರೊಟ್ಟಿ ತಟ್ಟುತ್ತಲೇ ಹೇಳಿದಳು: “ಟಿವಿಎಸ್‌ಗೆ ನಾ ನಿಂಬಿಕಾಯಿ ಕಟ್ಟಿದಾಗ ಸುಮ್ಮ ಇದ್ರಿ.”

“ನಾ ನೋಡಿರಲಿಲ್ಲ.”

“ಒಂದು ವಾರ ಕಟಗೊಂಡೇ ತಿರುಗ್ಯಾಡೀರಿ.”

ನವೆಂಬರ್ ೧೦, ಸೋಮವಾರ. ಬೆಳಿಗ್ಗೆ ೧೧:೪೦

ಗುಡ್ಡದ ಮೇಲೇ ಕುಳಿತು ಬರೆಯುತ್ತಿದ್ದೇನೆ. ಕೆಲಸ ಮುಗಿಯಿತು.

ಗೌಂಡಿಯ ಕಡೆಯಿಂದ ಸಿಮೆಂಟು ಹೊರುವ ಕಬ್ಬಿಣದ ಬುಟ್ಟಿ ತಂದಿದ್ದೆ. ಬಿಳಿ ಗುಂಡಿನ ಮೇಲೆ ಬೋರಲು ಹಾಕಿ ತಂತಿಯಿಂದ ಬಿಗಿದೆ. ಇನ್ನು ಯಾರ ಕೈಯೂ ಮುಟ್ಟುವುದಿಲ್ಲ. ಮಳೆಯಿಂದಲೂ ರಕ್ಷಣೆ. ಕೆಂಪು ಪೇಂಟಿನಲ್ಲಿ ಬರೆದೆ: ಇದು ದೇವರಲ್ಲ, ಯಂತ್ರ. ಅಕ್ಷರ ಇನ್ನೂ ಗಟ್ಟಿ. ಎಂಬತ್ತೈದರಲ್ಲಿ ಗೋಡೆ ಬರಹ ಬರೆದ ಕೈ.

ಮೋನಮ್ಮನಿಗೆ ಓದಿ ಹೇಳಿದೆ. ಬುಟ್ಟಿಯ ಸುತ್ತ ಒಂದು ಸುತ್ತು ಬಂದಳು.

“ಬುಟ್ಟಿ ಮ್ಯಾಲ ಯಾಕ ಬರೀತೀರಿ, ದೇವರಲ್ಲ ಅಂತ? ಬುಟ್ಟಿಗೆ ಯಾರು ದೇವರಂತಾರ?”

ಚಹಾ ಕೊಟ್ಟಳು. ಕುಡಿದೆ.

ನವೆಂಬರ್ ೧೬, ರವಿವಾರ

ಕಾರ್ಡು ಬದಲಿಸಿದೆ. ಡಬ್ಬಿಯ ಮೇಲೆ ಮೂರು ಸಣ್ಣ ದೀಪ. ಎರಡು ಉರಿಯುತ್ತಿವೆ. ಮೂರನೆಯದು ಆರಿದೆ. ಇರಲಿ, ಬ್ಯಾಟರಿ ಉಳಿಯಿತು.

ಮೋನಮ್ಮ ಕೇಳಿದಳು, ಭೂಮಿ ಒಳಗ ಹೋಗದೇ ಒಳಗಿಂದು ಹೆಂಗ ಗೊತ್ತಾಗ್ತದ ಎಂದು. ದೂರದಲ್ಲಿ ನೆಲ ನಡುಗಿದ್ದು ಇಲ್ಲಿಗೆ ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ದಾರಿ ಹೇಗಿತ್ತೆಂದು ತಿಳಿಯುತ್ತದೆ ಎಂದೆ.

“ಕುರಿ ಹೊಟ್ಟಿ ಒತ್ತಿ ನೋಡಿದಂಗ ಅನ್ರಿ. ಒಂದು ಮರಿ ಅದನೋ ಎರಡೋ, ಕೊಯ್ಯದೇ ಗೊತ್ತಾಗ್ತದ.”

ಇಷ್ಟು ಚೆನ್ನಾಗಿ ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ಡಿಸೆಂಬರ್ ೪, ಗುರುವಾರ

ಬಂತು! ನವೆಂಬರ್ ೨೯ರಂದು ಫಿಜಿಯ ಕಡೆ ಭೂಕಂಪ. ಮರುದಿನವೇ ಕಾರ್ಡು ತೆಗೆದು ಕಳಿಸಿದ್ದೆ. ನಮ್ಮ ಗುಡ್ಡಕ್ಕೆ ಅವಳ ಅಲೆ ಎರಡು ಸೆಕೆಂಡು ತಡವಾಗಿ ಮುಟ್ಟಿದೆ.

ಶಿವಾನಿ ಫೋನಿನಲ್ಲಿ ಕೂಗುತ್ತಿದ್ದಾಳೆ. “ಅಪ್ಪಾ, ಎರಡು ಸೆಕೆಂಡು... ಎರಡು ಸೆಕೆಂಡು!” ಆ ದಾರಿಯ ತಳದಲ್ಲಿ ಏನೋ ಇದೆ. ಫಿಜಿಗೂ ನಮಗೂ ನಟ್ಟನಡುವೆ, ಸಮುದ್ರದ ಅಡಿ ಇರಬಹುದಂತೆ. ಫೆಬ್ರುವರಿ ಒಂಬತ್ತಕ್ಕೆ ಅವಳ ವರ್ಷದ ಪರೀಕ್ಷೆ. ಸಮಿತಿಯ ಮುಂದೆ ಇದನ್ನೇ ಇಡುತ್ತಾಳೆ.

ಸಾವಿತ್ರಿಗೆ ಹೇಳಿದೆ. “ಎರಡು ಸೆಕೆಂಡಿಗೆ ಇಷ್ಟು ಕುಣೀತೀರಿ. ನೀವು ಮೂರು ತಾಸು ಲೇಟ್ ಬಂದಾಗ ನಾ ಏನು ಮಾಡಬೇಕಿತ್ತು?”

ಡಿಸೆಂಬರ್ ೬, ಶನಿವಾರ

ಬಾಬಾಸಾಹೇಬರ ಪರಿನಿರ್ವಾಣ ದಿನ. ಶಹಾಪುರದ ಸರ್ಕಲ್ಲಿನಲ್ಲಿ ಸಭೆ. ನನಗೆ ಹತ್ತು ನಿಮಿಷ ಕೊಟ್ಟರು, ಅರ್ಧ ತಾಸು ಮಾತಾಡಿದೆ.

ಹೇಳಿಬಿಟ್ಟೆ. ಯಾವ ಕೇರಿಯ ನೆರಳು ಬಿದ್ದರೆ ಮೈಲಿಗೆ ಎಂದರೋ ಆ ಕೇರಿಯ ಮಗಳು ಭೂಮಿಯ ತಳವನ್ನು ಮುಟ್ಟಿ ಬಂದಿದ್ದಾಳೆ ಎಂದೆ. ಎರಡು ಸೆಕೆಂಡಿನ ಕಥೆ ಹೇಳಿದೆ. ಚಪ್ಪಾಳೆ. ಒಬ್ಬ ವರದಿಗಾರ ಬಂದು ಹೆಸರು, ಸ್ಪೆಲ್ಲಿಂಗ್ ಎಲ್ಲ ಬರೆದುಕೊಂಡ.

ಬಹಳ ವರ್ಷದ ಮೇಲೆ ಸಿಟ್ಟಿಲ್ಲದೆ ವೇದಿಕೆ ಇಳಿದೆ.

ಡಿಸೆಂಬರ್ ೨೧, ರವಿವಾರ

ನಿನ್ನೆ ಮತ್ತೊಂದು ಫಿಜಿ. ಬೆಳಿಗ್ಗೆಯೇ ಹೋಗಿ ಕಾರ್ಡು ತಂದೆ. ಪೇಪರಿನಲ್ಲಿ ಬಂದ ಶಿವಾನಿಯ ಸುದ್ದಿ ಮೋನಮ್ಮನಿಗೆ ತೋರಿಸಿದೆ. ಫೋಟೋ ನೋಡಿ, “ಸೊರಗ್ಯಾಳ. ಹೈದರಾಬಾದದಾಗ ರೊಟ್ಟಿ ಸಿಗಂಗಿಲ್ಲೇನು?” ಎಂದಳು.

ಡಿಸೆಂಬರ್ ೨೭, ಶನಿವಾರ

ಶಿವಾನಿಯ ದನಿ ಸರಿ ಇರಲಿಲ್ಲ.

“ಅಪ್ಪಾ, ಈ ಸಲ ಮೂರು ಸೆಕೆಂಡು ತಡ ಬಂದದ.”

“ಇನ್ನೂ ಚಲೋ ಆತಲ್ಲ!”

“ಚಲೋ ಅಲ್ಲಪ್ಪಾ. ಅದೇ ಜಾಗ, ಅದೇ ದಾರಿ. ತಳದ ಕಲ್ಲು ಹೊರಳಾಕ ಕೋಟಿ ವರ್ಷ ಬೇಕು. ಮೂರು ವಾರದಾಗ ಬದಲಾಗಂಗಿಲ್ಲ.”

“ಮತ್ತ ಏನು ಬದಲಾಗ್ಯದ?”

“ನಮ್ಮ ಗಡಿಯಾರ.”

ಡಬ್ಬಿಯೊಳಗೆ ಒಂದು ಗಡಿಯಾರ. ಅಗ್ಗದ್ದು. ಬಿಳಿ ಗುಂಡು ಉಪಗ್ರಹದಿಂದ ಸರಿಯಾದ ವೇಳೆ ಕೇಳಿಸಿಕೊಂಡು ಅದನ್ನು ತಿದ್ದುತ್ತಲೇ ಇರಬೇಕು. ತಿದ್ದುವುದು ನಿಂತಿದೆ. ಗಡಿಯಾರ ದಿನಕ್ಕೆ ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ಮುಂದೆ ಓಡಿದೆ. ನನ್ನ ವಾಚು ಹತ್ತು ನಿಮಿಷ ಮುಂದಿದ್ದರೆ, ಸರಿಯಾದ ವೇಳೆಗೆ ಬಂದ ವಡಗೇರಾ ಬಸ್ಸಿಗೂ ತಡವೆಂದು ಬೈಯುತ್ತೇನಲ್ಲ, ಹಾಗೆ. ಆ ಎರಡು ಸೆಕೆಂಡಿನಲ್ಲಿ ಭೂಮಿಯದೆಷ್ಟೋ, ಗಡಿಯಾರದ್ದೆಷ್ಟೋ.

“ಆ ಗುಂಡಿನ ಮ್ಯಾಲ ಏನರ ಬಿದ್ದದೇನಪ್ಪಾ?”

“ಕುಂಕುಮ!” ಎಂದೆ. “ಆ ಮೋನಮ್ಮಂದು! ಎಷ್ಟು ಹೇಳಿದ್ರೂ ಒಳಗ ಕೈ ಹಾಕಿ ಮತ್ತ ಹಚ್ಚಿರಬೇಕು!”

ನಮ್ಮ ಮಗಳ ಎರಡು ಸೆಕೆಂಡನ್ನು ಮೂಢನಂಬಿಕೆ ತಿಂದಿತು. ಬೆಳಗಾಗಲಿ.

ಡಿಸೆಂಬರ್ ೨೮, ರವಿವಾರ

ಹೋದೆ. ಬುಟ್ಟಿ ಬಿಚ್ಚಿದೆ. ಕುಂಕುಮ ಒಣಗಿ ಅಂಟಿತ್ತು. ಟವೆಲ್ಲು ಒದ್ದೆ ಮಾಡಿ ತಿಕ್ಕಿ ಒರೆಸಿದೆ. ಪೆಟ್ಟಿಗೆ ತೆರೆದು ಕುಳಿತೆ. ಐದು ನಿಮಿಷಕ್ಕೆ ಮೂರನೆಯ ದೀಪ ಹೊತ್ತಿಕೊಂಡಿತು! ಸಾಬೀತು. ಬುಟ್ಟಿ ಮತ್ತೆ ಬಿಗಿದು ಕೆಳಗಿಳಿದೆ.

ಹಟ್ಟಿಯ ಮುಂದೆ, ಕೂಲಿಯವರನ್ನು ಹೊಲಕ್ಕೆ ಒಯ್ಯುವ ಭಾಗಣ್ಣನ ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನಲ್ಲಿ ಹತ್ತಿ ಬಿಡಿಸುವ ಹೆಂಗಸರು. ಅಷ್ಟೂ ಜನರ ಮುಂದೆ ಮೋನಮ್ಮನ ಮೇಲೆ ಹರಿಹಾಯ್ದೆ. ಒಂದು ಮಾತು ಹೀಗಿತ್ತು: “ಅಕ್ಷರ ಇಲ್ಲದವರ ಕೈಗೆ ಕೀಲಿ ಕೊಟ್ಟದ್ದು ನನ್ನ ತಪ್ಪು.”

ಮೋನಮ್ಮ ಸೆರಗಿನ ಗಂಟು ಬಿಚ್ಚಿದಳು. ಕೀಲಿ ನನ್ನ ಕೈಗಿಟ್ಟಳು.

“ಆತ್ರಿ ಮಾಸ್ತರ್ರ. ಚಾ ಇಟ್ಟೀನಿ, ಕುಡದು ಹೋಗ್ರಿ.”

ಕುಡಿಯದೇ ಬಂದೆ.

ಶಿವಾನಿಗೆ ಹೇಳಿದೆ. ಗೈಡಿಗೆ ತಿಳಿಸು ಎಂದೂ ಹೇಳಿದೆ.

ಡಿಸೆಂಬರ್ ೩೦, ಮಂಗಳವಾರ

ಗೈಡು ಮೇಲ್ ಮಾಡಿದ್ದಾರೆ. ಕಾವಲಿನವಳನ್ನು ತೆಗೆಯುವುದು. ಜನವರಿ ೨೦ರಿಂದ ಏಜೆನ್ಸಿಯ ವಾಚ್‌ಮನ್. ಇಂಗ್ಲಿಷಿನಲ್ಲಿ ಒಂದೇ ಸಾಲು. ಒಬ್ಬ ಹೆಣ್ಣುಮಗಳ ಕೆಲಸ ಕಿತ್ತುಕೊಳ್ಳಲು ಒಂದು ಸಾಲು ಸಾಕು.

ಶಿವಾನಿ ಮೆಲ್ಲಗೆ ಕೇಳಿದಳು: “ಅಪ್ಪಾ, ಡಬ್ಬಿ ತನ್ನ ಲಾಗ್‌ನಾಗ ಎಲ್ಲಾ ಬರಕೊಂಡದ. ಉಪಗ್ರಹ ತಪ್ಪಿದ್ದು ನವೆಂಬರ್ ಹತ್ತು, ಹನ್ನೊಂದು ನಲವತ್ತಕ್ಕ. ಕುಂಕುಮ ಅದಕ್ಕಿಂತ ಮೊದಲೇ ಇತ್ತು ಅಂದಿದ್ದೀ?”

“ಎರಡು ದಿನ ಹಿಂದ ಮುಂದ ಆಗಿರತದ,” ಎಂದು ಫೋನಿಟ್ಟೆ.

ಆಮೇಲೆ ಈ ವಹಿಯನ್ನೇ ಹಿಂದಕ್ಕೆ ತಿರುವಿದೆ. ನವೆಂಬರ್ ೧೦, ಸೋಮವಾರ. ಬೆಳಿಗ್ಗೆ ೧೧:೪೦. ನನ್ನದೇ ಅಕ್ಷರ. ಗಟ್ಟಿ ಅಕ್ಷರ.

ಜನವರಿ ೩, ಶನಿವಾರ

ಮೂರು ದಿನ ಬರೆಯಲಿಲ್ಲ. ಮಕ್ಕಳಿಗೆ ಹೇಳುತ್ತಿದ್ದೆ — ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಮಾಡಿದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ಅವತ್ತು ನಾನು ಕುಂಕುಮವನ್ನೂ ಒರೆಸಿದೆ, ಬುಟ್ಟಿಯನ್ನೂ ತೆಗೆದಿದ್ದೆ. ಒಂಬತ್ತನೆಯ ತರಗತಿಯ ಹುಡುಗನಿಗೆ ಸೊನ್ನೆ ಹಾಕುತ್ತಿದ್ದೆ.

ಇವತ್ತು ಮತ್ತೆ ಮಾಡಿದೆ. ಸರಿಯಾಗಿ.

ಹತ್ತು ಗಂಟೆ. ಬುಟ್ಟಿ ಇದೆ, ಕುಂಕುಮ ಇಲ್ಲ. ದೀಪ ಆರಿದೆ.
ಹತ್ತೂಕಾಲು. ಬುಟ್ಟಿ ತೆಗೆದೆ. ದೀಪ ಬಂತು.

ಮುಂದಿನದಕ್ಕೆ ಕುಂಕುಮ ಬೇಕು. ಹಟ್ಟಿಗೆ ಇಳಿದೆ. ಮುಖ ಎತ್ತಲಾಗಲಿಲ್ಲ.

“ಮೋನಮ್ಮಾ, ಸ್ವಲ್ಪ ಕುಂಕುಮ ಕೊಡವ್ವ.”

“ಯಾರಿಗ್ರಿ?”

“ಯಂತ್ರಕ್ಕ.”

ಒಳಗೆ ಹೋಗಿ ಅರಿಷಿಣ ಕುಂಕುಮದ ಕರಡಿಗೆ ತಂದಳು. ಹಿಂದೆಯೇ ಗುಡ್ಡ ಹತ್ತಿದಳು. ಇಪ್ಪತ್ತೈದರ ವಯಸ್ಸಿನಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಬುದ್ಧಪ್ರಿಯ ಎಂದು ಹೆಸರಿಟ್ಟುಕೊಂಡ ಮೇಲೆ ಈ ಕೈ ಕುಂಕುಮ ಮುಟ್ಟಿರಲಿಲ್ಲ. ದಪ್ಪಗೆ ಹಚ್ಚಿದೆ.

“ಅರಿಷಿಣ ಬ್ಯಾಡೇನ್ರಿ? ಖಾಲಿ ಕುಂಕುಮ ಹಚ್ಚಬಾರದು.”

ಅರಿಷಿಣವನ್ನೂ ಹಚ್ಚಿದೆ. ಪ್ರಯೋಗ ಎಂದ ಮೇಲೆ ಪೂರ್ತಿ.

ಅರ್ಧ ತಾಸು ಕುಳಿತೆವು. ದೀಪ ಆರಲಿಲ್ಲ. ಮಿಣುಕಲೂ ಇಲ್ಲ. ಬುಟ್ಟಿ ಬೋರಲು ಹಾಕಿದೆ. ಸ್ವಲ್ಪ ಹೊತ್ತಿಗೆ ಮೂರನೆಯ ದೀಪ ಆರಿತು.

ಪ್ಲಾಸ್ಟಿಕ್ಕು, ಕುಂಕುಮ, ಅರಿಷಿಣ — ಉಪಗ್ರಹದ ಮಾತಿಗೆ ಯಾವುದೂ ಅಡ್ಡವಲ್ಲ. ಕಬ್ಬಿಣ ಅಡ್ಡ. ಬುಟ್ಟಿ ಕಿತ್ತು ಬಂಡೆಯ ಆಚೆ ಎಸೆದೆ.

ಇದೆಲ್ಲ ಏನೆಂದು ಮೋನಮ್ಮ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೊದಲು ಮಗಳಿಗೆ ಹೇಳಬೇಕು.

ಜನವರಿ ೪, ರವಿವಾರ

“ಬುಟ್ಟಿ? ಯಾವ ಬುಟ್ಟಿ?”

ಹೇಳಿದೆ.

“ಕಬ್ಬಿಣದ್ದಾ ಅಪ್ಪಾ?”

“ಹೂಂ.”

“ಮ್ಯಾಲ ಏನರ ಬರದೀಯಾ? ನೀ ಬರೀದೇ ಇರಾಂವಲ್ಲ.”

“...ಇದು ದೇವರಲ್ಲ, ಯಂತ್ರ.”

ನಕ್ಕಳು. ನಗುತ್ತಲೇ ಇದ್ದಳು. ಆಮೇಲೆ ಅದು ನಗು ಅಲ್ಲ ಎನ್ನಿಸಿತು. ಫೋನು ಕಿವಿಗೆ ಒತ್ತಿಕೊಂಡು ನಿಂತೆ. ಅಂಗಳದಲ್ಲಿ ಸಾವಿತ್ರಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದ್ದಳು.

“ನಂದೂ ತಪ್ಪದಪ್ಪಾ,” ಎಂದಳು ಕೊನೆಗೆ. “ಲಾಗ್ ಮೊದಲೇ ನೋಡಬೇಕಿತ್ತು. ಎರಡು ಸೆಕೆಂಡು ಕಂಡ ಖುಷಿಗೆ ನೋಡಲಿಲ್ಲ. ಸರ್‌ಗೆ ನಾನೇ ಹೇಳ್ತೀನಿ.”

“ನೀ ಏನೂ ಹೇಳಬ್ಯಾಡ. ನಾ ಬರೀತೀನಿ.”

ಜನವರಿ ೬, ಮಂಗಳವಾರ

ನಲವತ್ತು ವರ್ಷದಲ್ಲಿ ಸಾವಿರ ಮನವಿಪತ್ರ ಬರೆದಿರಬೇಕು. ತಪ್ಪೊಪ್ಪಿಗೆ ಒಂದೂ ಇಲ್ಲ. ‘ಗೆ’ ಎಂದು ಬರೆದ ಕೂಡಲೇ ಕೈ ತಾನೇ ‘ಆಗ್ರಹಿಸುತ್ತೇವೆ’ಗೆ ಓಡುತ್ತದೆ. ಎರಡು ಹಾಳೆ ತುಂಬಿತು. ಏಜೆನ್ಸಿ ಪದ್ಧತಿಗೆ ಧಿಕ್ಕಾರ, ದುಡಿಯುವವರ ಮೇಲೆ ತಪ್ಪು ಹೊರಿಸುವ ವ್ಯವಸ್ಥೆಗೆ ಧಿಕ್ಕಾರ. ಸಾವಿತ್ರಿ ಓದಿದಳು.

“ಮೂರು ಕಡೆ ‘ಎಚ್ಚರಿಕೆ’ ಅಂತ ಬರದೀರಿ. ಕ್ಷಮಾ ಕೇಳಾಕತ್ತೀರೋ, ಧರಣಿ ಕೂಡಾಕತ್ತೀರೋ?”

“ವ್ಯವಸ್ಥಾದ ತಪ್ಪೂ ಅದ ಇದರಾಗ.”

“ವ್ಯವಸ್ಥಾ ಗುಡ್ಡ ಹತ್ತಿ ಬುಟ್ಟಿ ಹಾಕ್ಯದೇನ್ರಿ?”

ಹರಿದು ಹಾಕಿದೆ. ಕೊನೆಗೆ ನಿಂತದ್ದು ಇಷ್ಟು: ನವೆಂಬರ್ ೧೦ರಂದು ಆ ಕಬ್ಬಿಣದ ಬುಟ್ಟಿ ಹಾಕಿದವನು ನಾನು. ಮೋನಮ್ಮನವರಿಗೂ ಇದಕ್ಕೂ ಸಂಬಂಧವಿಲ್ಲ. ಅವರ ಮೇಲೆ ನಾನು ಹೇಳಿದ ದೂರು ಸುಳ್ಳು. ಅವರನ್ನು ಕೆಲಸದಿಂದ ತೆಗೆಯಬಾರದು, ನನ್ನನ್ನು ಆ ಗುಡ್ಡದಿಂದ ದೂರ ಇಡಿ.

ನಾಲ್ಕು ವಾಕ್ಯ. ಇಡೀ ದಿನ ಹಿಡಿಯಿತು. ಸುಲಭಕ್ಕೆ ಸಿಗುವವರ ಮೇಲೆ ತಪ್ಪು ಹೊರಿಸುತ್ತಾರೆ ಎಂದು ಎಷ್ಟು ವೇದಿಕೆಯ ಮೇಲೆ ಕೂಗಿದ್ದೇನೆ. ಹೊರಿಸುವಾಗ ಹೀಗೆ ಗೊತ್ತೇ ಆಗುವುದಿಲ್ಲ ಎಂಬುದು ತಿಳಿದಿರಲಿಲ್ಲ.

ಜನವರಿ ೧೧, ರವಿವಾರ

ಟ್ರ್ಯಾಕ್ಟರ್ ಹಟ್ಟಿಯ ಮುಂದೆ ನಿಲ್ಲುವ ವೇಳೆಗೇ ಹೋದೆ. ಜನರ ಮುಂದೆ ಆಡಿದ್ದನ್ನು ಜನರ ಮುಂದೆಯೇ ನುಂಗಬೇಕು. ಭಾಗಣ್ಣ ಸ್ಟೇರಿಂಗಿನ ಮೇಲೆ, ಹೆಂಗಸರು ಟ್ರೇಲರಿನಲ್ಲಿ.

“ಮೋನಮ್ಮಾ, ಯಂತ್ರ ಕೆಡಿಸಿದ್ದು ನಿನ್ನ ಕುಂಕುಮ ಅಲ್ಲ. ನನ್ನ ಬುಟ್ಟಿ. ತಪ್ಪಾತು.”

“ಬುಟ್ಟಿ ನೀವೇ ಹಾಕಿದ್ದು ನಾ ನೋಡೀನಲ್ರಿ,” ಎಂದಳು. ಕುರಿಮರಿಯ ಬಾಯಿಗೆ ಬಾಟಲಿ ಹಿಡಿದಿದ್ದಳು. ನನ್ನ ಕಡೆ ತಿರುಗಲಿಲ್ಲ. “ಅವತ್ತು ಇನ್ನೊಂದು ಮಾತಂದ್ರಿ.”

“ಅದಕ್ಕೂ.”

“ಅದಕ್ಕೂ ಅಂದ್ರ? ಬಾಯಿ ಬಿಟ್ಟು ಹೇಳ್ರಿ. ಅವತ್ತು ಬಾಯಿ ಬಿಟ್ಟೇ ಅಂದಿದ್ರಿ.”

ಹೇಳಿದೆ. ಅಕ್ಷರ ಇಲ್ಲದವರ ಕೈಗೆ ಕೊಡಬಾರದು ಎಂದದ್ದು ನನ್ನ ಬಾಯಿಂದ ಬಂದ ಅತ್ಯಂತ ಹೊಲಸು ಮಾತು. ಆ ಮಾತನ್ನು ನನ್ನ ಅಪ್ಪನಿಗೆ ಅಂದಿದ್ದರು, ಅವನ ಅಪ್ಪನಿಗೆ ಅಂದಿದ್ದರು. ನಾನು ನಿನಗೆ ಅಂದೆ.

ಟ್ರೇಲರಿನಲ್ಲಿ ಯಾರೋ ಮೂಗು ಸೀನಿದರು. ಮರಿ ಬಾಟಲಿ ಖಾಲಿ ಮಾಡಿತು.

“ಮೂರು ದೀಪ ಉರೀಬೇಕಂತ ನಂಗ್ಯಾಕ ಹೇಳಿರಲಿಲ್ಲ?” ಎಂದಳು ಮೋನಮ್ಮ. “ಮೂರು ಎಣಿಸಾಕ ನಂಗ ಬರ್ತದ. ಕುರಿ ಇನ್ನೂರು ಎಣಸ್ತೀನಿ. ಆರಿದ ದಿವಸೇ ಫೋನ್ ಮಾಡ್ತಿದ್ದೆ.”

ಮೂರು ದೀಪ ಏನೆಂದು ನನಗೇ ಗೊತ್ತಿರಲಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಹೇಳಿದೆ.

“ಹಂಗಾರ ಇಬ್ಬರೂ ಕಲಿಯೋಣು. ಕಾರ್ಡ್ ತಗಿಯೂದು ನಂಗ ತೋರಸ್ರಿ.”

ಕೀಲಿ ಕೊಟ್ಟೆ. ಸೆರಗಿಗೆ ಕಟ್ಟಿಕೊಂಡಳು. ಚಹಾ ಬಂತು. ಎರಡು ಕಪ್ಪು ಕುಡಿದೆ.

ಜನವರಿ ೧೯, ಸೋಮವಾರ

ಗೈಡಿನ ಉತ್ತರ. ಮೋನಮ್ಮ ಇರುತ್ತಾಳೆ. ಏಜೆನ್ಸಿ ಇಲ್ಲ. ಇನ್ನು ಕಾರ್ಡಿನ ಜವಾಬ್ದಾರಿಯೂ ಅವಳದೇ. ನನ್ನ ಬಗ್ಗೆ ಒಂದು ಸಾಲು: ‘ತಂದೆಯವರು ದಯವಿಟ್ಟು ಯಂತ್ರವನ್ನು ರಕ್ಷಿಸಬಾರದು.’ ಶಿವಾನಿ ಓದುವಾಗ ನಗು ತಡೆದದ್ದು ಕೇಳಿಸಿತು.

ಆದರೆ ಇನ್ನೊಂದು ಸಾಲೂ ಇದೆ. ಪರೀಕ್ಷೆಯ ಹೊತ್ತಿಗೆ ಈ ಗುಡ್ಡದಿಂದ ನಂಬುವಂಥದ್ದು ಏನೂ ಸಿಗದಿದ್ದರೆ ಮಾರ್ಚಿನಲ್ಲಿ ಯಂತ್ರ ಎತ್ತಿ ಬೇರೆ ಜಿಲ್ಲೆಗೆ ಒಯ್ಯುತ್ತಾರೆ. ಶಿವಾನಿಗೆ ಹೊಸ ವಿಷಯ. ಎರಡು ವರ್ಷ ಹಿಂದಕ್ಕೆ. ಮೋನಮ್ಮನಿಗೆ ಕೀಲಿಯೂ ಇಲ್ಲ.

“ಅಪ್ಪಾ, ಒಂದು ದಾರಿ ಅದ,” ಎಂದಳು. “ಎರಡೂ ಅಲಿ ಒಂದೇ ಗಡಿಯಾರದಾಗ ಬಂದಾವಲ್ಲ. ಗಡಿಯಾರ ಎಷ್ಟು ತಪ್ಪಿದ್ರೂ ಎರಡಕ್ಕೂ ಅಷ್ಟೇ ತಪ್ಪು. ಮೊದಲನೇದ್ಕೂ ಎರಡನೇದ್ಕೂ ನಡುವಿನ ಅಂತರ ತಗದ್ರ ತಪ್ಪು ತಾನೇ ಕಳೀತದ.”

ಮೊದಲೇ ಏಕೆ ಮಾಡಲಿಲ್ಲ? ಮೊದಲ ಅಲೆ ಬಹಳ ಸಣ್ಣದು, ಕಣ್ಣಿಗೆ ಸಿಗುವುದೇ ಕಷ್ಟ. ಅದಕ್ಕೇ ಗಡಿಯಾರವನ್ನು ನಂಬಿದ್ದಳು. ಎಂಟು ದಿನ ಕುಳಿತು ಹುಡುಕಿದ್ದಾಳೆ. ನವೆಂಬರಿನದರಲ್ಲಿ ಸಿಗಲೇ ಇಲ್ಲ. ಡಿಸೆಂಬರಿನದರಲ್ಲಿ ಸಿಕ್ಕಿತು. ಅಂತರ ತೆಗೆದರೆ ಎರಡನೆಯ ಅಲೆ ಇನ್ನೂ ತಡವೇ. ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು.

ಅಂದರೆ ತಳದಲ್ಲಿ ಏನೋ ಇರಬಹುದು. ಇಲ್ಲದಿರಲೂಬಹುದು. ಒಂದೇ ಸಾಕ್ಷಿ. ಇನ್ನೊಂದು ಬೇಕು, ಸ್ಪಷ್ಟವಾದದ್ದು, ಫೆಬ್ರುವರಿ ಒಂಬತ್ತರ ಒಳಗೆ. ಭೂಕಂಪವಾಗಲಿ ಎಂದು ಹಾರೈಸುವುದು ಹೇಗೆ? ಆಳದ್ದು ಯಾರ ಮನೆಯನ್ನೂ ಕೆಡವುವುದಿಲ್ಲ ಎನ್ನುತ್ತಾಳೆ. ಆದರೂ ಕೇಳಬಾರದು. ಕೇಳಲಿಲ್ಲ. ಕಾಯುತ್ತಿದ್ದೇನೆ.

ಜನವರಿ ೨೯, ಗುರುವಾರ. ಮಧ್ಯಾಹ್ನ ೩:೨೪

ಹಟ್ಟಿಯ ಮುಂದೆ ಕುಳಿತು ಬರೆಯುತ್ತಿದ್ದೇನೆ. ಅವಸರ.

ಮೋನಮ್ಮ ಕಾರ್ಡು ತೆಗೆಯುವುದನ್ನು ನೋಡಲು ಬಂದಿದ್ದೆ. ನೋಡಲು ಮಾತ್ರ, ಕೈ ಹಿಂದೆ ಕಟ್ಟಿಕೊಂಡು. ಇನ್ನೇನು ಹತ್ತಬೇಕು, ಶಿವಾನಿಯ ಫೋನು. ಮೂರು ಒಂಬತ್ತಕ್ಕೆ ಫಿಜಿ. ದೊಡ್ಡದು. ಆರುನೂರು ಕಿಲೋಮೀಟರ್ ಆಳ.

“ಅಪ್ಪಾ, ಕಾರ್ಡ್ ಮುಟ್ಟಬ್ಯಾಡ್ರಿ! ಅಲ್ಲೇ ಇರ್ರಿ. ಮೂರು ಮೂವತ್ಮೂರಕ್ಕ ಮೊದಲನೇದು ಬರ್ತದ, ಹಿಂದೇ ಎರಡನೇದು. ಸನೇದಾಗ ಯಾವ ಗಾಡಿನೂ ಬ್ಯಾಡ, ನೆಲ ನಡಗ್ತದ. ದೀಪ ಎಷ್ಟದಾವ?”

“ಮೂರವ್ವ,” ಮೋನಮ್ಮ ಫೋನಿನೊಳಕ್ಕೆ ಕೂಗಿದಳು. “ಮುಂಜಾನಿ ನೋಡೀನಿ. ಮೂರೂ ಉರೀಲಿಕತ್ತಾವ.”

ಅಂದರೆ ಈಗ, ಇದನ್ನು ಬರೆಯುವಾಗ, ಅವಳ ಅಲೆ ಎಲ್ಲೋ ತಳದಲ್ಲಿ ಇದೆ. ಹೊರಟಿದೆ. ಬರುತ್ತಿದೆ.

೩:೨೮

ಟ್ರ್ಯಾಕ್ಟರ್ ಸಪ್ಪಳ. ಭಾಗಣ್ಣ ಹತ್ತಿ ಹೇರಿಕೊಂಡು ಈ ಕಡೆಯೇ ಬರುತ್ತಿದ್ದಾನೆ. ಮೋನಮ್ಮ ದಾರಿಗೆ ಅಡ್ಡ ನಿಂತು ಎರಡೂ ಕೈ ಎತ್ತಿದ್ದಾಳೆ.

“ಭಾಗಣ್ಣಾ, ಇಂಜಿನ್ ಬಂದ್ ಮಾಡೋ!”

“ಯಾಕ ಯಕ್ಕಾ, ಯಾರರ ಸತ್ತಾರೇನು?”

“ಫಿಜಿಯಿಂದ ಬರಾಕತ್ತಾವ!”

“ಎಷ್ಟು ಮಂದಿ?”

“ಇಬ್ಬರು! ಬಂದ್ ಮಾಡಂತೀನಿ!”

ಬಂದಾಯಿತು. ಹೆಂಗಸರು ಇಳಿಯಲು ಹೋದರು. ಇಳಿಯಬ್ಯಾಡ್ರಿ ಎಂದಳು. ಹಾಗೇ ಹತ್ತಿಯ ಮೇಲೆ ಕುಳಿತರು. ಯಾರು ಬರುತ್ತಾರೆಂದು ಎಲ್ಲರೂ ರಸ್ತೆಯ ಕಡೆ ನೋಡುತ್ತಿದ್ದಾರೆ. ಇಷ್ಟು ಜನ ಸೇರಿದ ಕಡೆ ಇಷ್ಟು ನಿಶ್ಶಬ್ದ ನಾನು ಎಂದೂ ಕಂಡಿಲ್ಲ. ಮೈಕು ಇದ್ದಿದ್ದರೆ ನಾನೇ ಕೆಡಿಸುತ್ತಿದ್ದೆ.

೩:೩೨

ಮೋನಮ್ಮ ಪಕ್ಕಕ್ಕೆ ಬಂದು ಕುಳಿತಳು. ಪಿಸುಮಾತಿನಲ್ಲಿ:

“ಮಾಸ್ತರ್ರ, ಬರಿಯೂದು ನಿಂದರಸ್ರಿ. ಪೆನ್ನು ಸಪ್ಪಳ ಮಾಡಾಕತ್ತದ.”

“ಪೆನ್ನಿನ ಸಪ್ಪಳ ಅಲ್ಲೀತನಾ ಮುಟ್ಟಂಗಿಲ್ಲವ್ವ.”

“ನಿಮಗ ಹೆಂಗ ಗೊತ್ತು?”

ಗೊತ್ತಿಲ್ಲ. ಅಳೆದು ನೋಡಿಲ್ಲ. ೩:೩೩. ಆತು, ಪೆನ್ನು